ಮೊಳೆಯ ನೆಪ: ನಮ್ಮನ್ನು ಒಳಗಿನಿಂದ ನಡೆಸುವುದು ಯಾವುದು?

*ದಿನದ ಧಮ್ಮ ಚಿಂತನೆ*



ಇವತ್ತು ಚಿಂತನೆ ಬರೆಯುವ ಸರದಿ ನನ್ನದು. ಎಂದಿಗಿಂತ ಸ್ವಲ್ಪ ಉದ್ದವಾಗಿದೆ. ಬೆಳಗಿನ ಗಡಿಬಿಡಿಯಲ್ಲಿ ಆಗದಿದ್ದರೆ ಸಂಜೆ ವಂದನೆ ಮುಗಿಸಿ ಕೂತು ಓದಿ.

ಹೋದ ಭಾನುವಾರದ ಅಧ್ಯಯನದಲ್ಲಿ ಪದವಿ ಓದುತ್ತಿರುವ ಒಬ್ಬ ಹುಡುಗ ಎದ್ದು ನಿಂತು ಕೇಳಿದ. "ಸರ್, ಮನುಷ್ಯ ಮಾಡೋದನ್ನೆಲ್ಲ ಯಾಕೆ ಮಾಡ್ತಾನೆ? ಬುದ್ಧರು ತಣ್ಹಾ ಅಂದ್ರು. ನಮ್ಮ ಕಾಲೇಜಲ್ಲಿ ಫ್ರಾಯ್ಡ್ ಅಂತಾರೆ. ಎರಡೂ ಒಂದೇನಾ, ಬೇರೆ ಬೇರೇನಾ?" ನಾನು "ಸಮಯ ಆಯ್ತು, ಮುಂದಿನ ವಾರ ನೋಡೋಣ" ಎಂದು ಹೇಳಿ ತರಗತಿ ಮುಗಿಸಿದೆ. ನಿಜ ಹೇಳಬೇಕೆಂದರೆ ಸಮಯ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಡಿಯಾರವನ್ನು ನೆಪ ಮಾಡಿಕೊಂಡೆ. ಈ ನೆಪ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ಚಿಂತನೆಯೆಲ್ಲ ಅದರ ಸುತ್ತಲೇ ಇದೆ.

ಮನೆಗೆ ಬಂದ ಮೇಲೆ ಆ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅದಕ್ಕೂ ಹತ್ತು ದಿನ ಮುಂಚೆ ನಾನು ಮಾಡಿದ ಒಂದು ಕೆಲಸ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅದನ್ನು ಮೊದಲು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

*ನಡೆದದ್ದು*

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೊಸದಾಗಿ ಒಂದು ಬಾಡಿಗೆ ಮನೆ ಹಿಡಿದಿದ್ದಾಳೆ. ನೋಡಿ ಬರೋಣ ಎಂದು ಹೋಗಿದ್ದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲೇ ಬಾಬಾಸಾಹೇಬರ ದೊಡ್ಡ ಫೋಟೋ. ಪಕ್ಕದಲ್ಲಿ ಭಗವಾನ್ ಬುದ್ಧರ ಒಂದು ಸಣ್ಣ ಫೋಟೋ. ನಾನು ಧಮ್ಮದೀಕ್ಷೆ ತೆಗೆದುಕೊಂಡವನು. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ನಿಮ್ಮ ಜೊತೆ ನಿಂತು ಹೇಳಿದವನು. ಮಗಳ ಮನೆಯಲ್ಲಿ ಆ ಫೋಟೋ ನೋಡಿ ನನಗೆ ಸಂತೋಷ ಆಗಬೇಕಿತ್ತು ತಾನೆ?

ನನ್ನ ಬಾಯಿಂದ ಬಂದ ಮೊದಲ ಮಾತು ಇದು. "ಏನಮ್ಮ, ಹಾಲಲ್ಲಿ ಮೊಳೆ ಹೊಡೆದಿದ್ದೀಯಲ್ಲ, ಓನರ್ ಏನಂತಾರೆ? ಗೋಡೆ ಹಾಳಾಗಲ್ವ? ಒಳಗಡೆ ರೂಮಲ್ಲಿ ಹಾಕ್ಕೊ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಅಪ್ಪಾ, ಆ ಕಡೆ ಗೋಡೇಲಿ ಕ್ಯಾಲೆಂಡರ್ ಇದೆ. ಅದಕ್ಕೂ ಮೊಳೆ ಹೊಡೆದಿದೀನಿ. ಅದನ್ನ ಯಾಕೆ ಕೇಳ್ಲಿಲ್ಲ ನೀನು?"

ನನಗೆ ಬಂತು ನೋಡಿ ಕೋಪ! "ದೊಡ್ಡವರಿಗೆ ಎದುರು ಮಾತಾಡೋದು ಕಲಿತಿದ್ದೀಯಾ" ಎಂದು ಕೂಗಾಡಿದೆ. ಒಂದು ಮೊಳೆಗೆ ಅಷ್ಟು ಕೋಪ ಬರಬಾರದು. ಅವಳು ಏನೂ ಹೇಳದೆ ಫೋಟೋ ಇಳಿಸಿ ಒಳಗೆ ಇಟ್ಟಳು. ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು. ಎರಡು ದಿನ ಅಲ್ಲೇ ಇದ್ದೆ, ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಆ ಬರೀ ಮೊಳೆ ನನ್ನ ಕಣ್ಣ ಮುಂದೆ.

ಬಂಧುಗಳೇ, ನಾನು ಸುಳ್ಳು ಹೇಳಿದೆನೇ? ಬೇಕೆಂದು ಸುಳ್ಳು ಹೇಳಲಿಲ್ಲ. ಆ ಕ್ಷಣದಲ್ಲಿ ನಿಜವಾಗಿಯೂ ಗೋಡೆಯ ಚಿಂತೆಯೇ ನನ್ನನ್ನು ಕಾಡುತ್ತಿದೆ ಎಂದು ನಂಬಿದ್ದೆ. ಮನುಷ್ಯ ಇನ್ನೊಬ್ಬರಿಗೆ ಸುಳ್ಳು ಹೇಳಿದರೆ ಅವನಿಗೆ ಗೊತ್ತಿರುತ್ತದೆ. ತನಗೆ ತಾನೇ ಹೇಳಿಕೊಂಡಾಗ ಗೊತ್ತಾಗುವುದಿಲ್ಲ.

*ವಿಯೆನ್ನಾದ ವೈದ್ಯ ಹೇಳಿದ್ದು*

ನಾನು ಬಿ.ಎಡ್. ಓದುವಾಗ ಮನಃಶಾಸ್ತ್ರದ ಪತ್ರಿಕೆಯಲ್ಲಿ ಫ್ರಾಯ್ಡ್ ಇದ್ದ. ಇಡ್, ಈಗೋ, ಸೂಪರ್ ಈಗೋ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಟ್ಟಿದ್ದೆ. ಈಗ ಆ ಹುಡುಗನ ಪ್ರಶ್ನೆಯಿಂದಾಗಿ ಮತ್ತೆ ಓದಿದೆ. ಗೊತ್ತಿಲ್ಲದವರಿಗಾಗಿ ಸರಳವಾಗಿ ಹೇಳುತ್ತೇನೆ.

ಸಿಗ್ಮಂಡ್ ಫ್ರಾಯ್ಡ್ 1856ರಲ್ಲಿ ಫ್ರೈಬರ್ಗ್ ಎಂಬ ಸಣ್ಣ ಊರಿನಲ್ಲಿ ಯಹೂದಿ ಮನೆಯಲ್ಲಿ ಹುಟ್ಟಿದ. ಆ ಊರು ಈಗ ಚೆಕ್ ದೇಶದಲ್ಲಿದೆ. ಬೆಳೆದದ್ದು, ವೈದ್ಯನಾಗಿ ಕೆಲಸ ಮಾಡಿದ್ದು ವಿಯೆನ್ನಾದಲ್ಲಿ. ಅವನ ಹತ್ತಿರ ಬರುತ್ತಿದ್ದ ಕೆಲವು ರೋಗಿಗಳಿಗೆ ಕೈ ಆಡುತ್ತಿರಲಿಲ್ಲ, ಕೆಲವರಿಗೆ ಮಾತು ಹೊರಡುತ್ತಿರಲಿಲ್ಲ, ಪರೀಕ್ಷೆ ಮಾಡಿದರೆ ದೇಹದಲ್ಲಿ ಕಾಯಿಲೆ ಇರುತ್ತಿರಲಿಲ್ಲ. ಅವರನ್ನು ಮಾತಾಡಿಸುತ್ತಾ ಹೋದಾಗ, ಅವರು ಮರೆತಿದ್ದೇವೆ ಅಂದುಕೊಂಡ ಯಾವುದೋ ನೋವು, ಯಾವುದೋ ಆಸೆ, ಯಾವುದೋ ಭಯ ಕಾಯಿಲೆಯ ವೇಷದಲ್ಲಿ ಹೊರಗೆ ಬರುತ್ತಿದೆ ಎಂದು ಅವನಿಗೆ ಅನ್ನಿಸಿತು. ಅಲ್ಲಿಂದ ಅವನು ಒಂದು ದೊಡ್ಡ ಮಾತಿಗೆ ಬಂದ. ಮನುಷ್ಯ ತನ್ನ ನಡವಳಿಕೆಗೆ ತಾನು ಕೊಡುವ ಕಾರಣ ಬೇರೆ, ಅವನನ್ನು ನಿಜವಾಗಿ ನಡೆಸುವ ಕಾರಣ ಬೇರೆ. ನಿಜವಾದ ಕಾರಣ ಸುಪ್ತ ಮನಸ್ಸಿನಲ್ಲಿ ಅಡಗಿ ಕೂತಿರುತ್ತದೆ.

ಸಹಿಸಲಾಗದ್ದನ್ನು ಮನಸ್ಸು ಒಳಕ್ಕೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೆ ದಮನ ಎಂದು ಹೆಸರು. ಬಾಗಿಲು ಹಾಕಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಕನಸಾಗಿ, ಬಾಯಿತಪ್ಪಿದ ಮಾತಾಗಿ, ಕಾರಣವಿಲ್ಲದ ಕೋಪವಾಗಿ ಹೊರಗೆ ಬರುತ್ತದೆ. ಆಗ ಮನಸ್ಸು ಆ ನಡವಳಿಕೆಗೆ ಮರ್ಯಾದಸ್ಥ ಕಾರಣವೊಂದನ್ನು ಹೊಂದಿಸಿ ಕೊಡುತ್ತದೆ. ಇದಕ್ಕೆ ಫ್ರಾಯ್ಡನ ಶಿಷ್ಯ ಅರ್ನೆಸ್ಟ್ ಜೋನ್ಸ್ 1908ರಲ್ಲಿ ಒಂದು ಹೆಸರು ಕೊಟ್ಟ. ನಮ್ಮ ಕನ್ನಡದಲ್ಲಿ ಆ ಹೆಸರು ಬಹಳ ಹಿಂದಿನಿಂದಲೇ ಇದೆ, ನೆಪ. ನನ್ನ ಗೋಡೆಯ ಮೊಳೆ ಅಂಥದ್ದು.

1923ರಲ್ಲಿ ಫ್ರಾಯ್ಡ್ ಮನಸ್ಸನ್ನು ಮೂರು ಭಾಗ ಮಾಡಿ ವಿವರಿಸಿದ. ಬೇಕು ಬೇಕು ಎನ್ನುವ ಹುಟ್ಟು ಬಯಕೆಗಳ ಭಾಗ ಇಡ್. ಹೊರಗಿನ ಲೋಕಕ್ಕೂ ಒಳಗಿನ ಬಯಕೆಗೂ ನಡುವೆ ಹೊಂದಿಸಿಕೊಂಡು ಹೋಗುವ ಭಾಗ ಈಗೋ. ತಂದೆ ತಾಯಿಯ, ಸಮಾಜದ ಗದರಿಕೆಗಳು ಒಳಗೆ ಹೋಗಿ ಕಾವಲುಗಾರನ ಹಾಗೆ ಕೂತು "ಅದು ತಪ್ಪು, ಇದು ನಿನ್ನ ಯೋಗ್ಯತೆಯಲ್ಲ" ಎಂದು ಹೇಳುವ ಭಾಗ ಸೂಪರ್ ಈಗೋ. ಈ ಮೂರನೆಯದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದು ಕಾಗದದ ಮನು. ನನ್ನೊಳಗೆ ಕೂತು "ಹಾಲಲ್ಲಿ ಬೇಡ, ಒಳಗೆ ಹಾಕು" ಎಂದು ಪಿಸುಗುಟ್ಟಿದವನು ಯಾರು?

*ಟೋಪಿ ಮತ್ತು ಎಕ್ಕಡ*

ಫ್ರಾಯ್ಡ್ ತನ್ನ ಜೀವನದ ಒಂದು ಘಟನೆಯನ್ನು ಕನಸುಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಆ ಪುಸ್ತಕ 1900ನೇ ಇಸವಿಯ ಹೆಸರಿನಲ್ಲಿ ಬಂತು. ಅವನಿಗೆ ಹತ್ತೋ ಹನ್ನೆರಡೋ ವರ್ಷ ಇದ್ದಾಗ ಅವನ ಅಪ್ಪ ಯಾಕೋಬ್ ಅವನನ್ನು ಜೊತೆಗೆ ಕರೆದುಕೊಂಡು ನಡೆಯುತ್ತಾ, ಈಗ ಕಾಲ ಎಷ್ಟು ಸುಧಾರಿಸಿದೆ ಎಂದು ತೋರಿಸಲು ಹಳೆಯ ಮಾತೊಂದನ್ನು ಹೇಳಿದನಂತೆ. ಯಾಕೋಬ್ ಚಿಕ್ಕ ವಯಸ್ಸಿನಲ್ಲಿ ಒಂದು ಶನಿವಾರ ಒಳ್ಳೆಯ ಬಟ್ಟೆ ಹಾಕಿ, ಹೊಸ ತುಪ್ಪಳದ ಟೋಪಿ ಇಟ್ಟುಕೊಂಡು ಬೀದಿಯಲ್ಲಿ ಹೋಗುತ್ತಿದ್ದ. ಎದುರಿಗೆ ಬಂದ ಕ್ರೈಸ್ತನೊಬ್ಬ ಆ ಟೋಪಿಯನ್ನು ಹೊಡೆದು ಕೆಸರಿಗೆ ಕೆಡವಿ, ಯಹೂದಿ, ಫುಟ್‌ಪಾತ್‌ನಿಂದ ಕೆಳಗಿಳಿ ಎಂದು ಗದರಿದ. ಬಾಲಕ ಫ್ರಾಯ್ಡ್ ಕೇಳಿದ, ಆಗ ನೀನು ಏನು ಮಾಡಿದೆ? ಅಪ್ಪ ಶಾಂತವಾಗಿ ಹೇಳಿದ, ರಸ್ತೆಗೆ ಇಳಿದು ಟೋಪಿ ಎತ್ತಿಕೊಂಡೆ.

ಆ ದೊಡ್ಡ ಮೈಕಟ್ಟಿನ ಅಪ್ಪ ಹುಡುಗನ ಕಣ್ಣಲ್ಲಿ ಆ ದಿನ ಚಿಕ್ಕವನಾಗಿಬಿಟ್ಟ. ರೋಮನ್ನರ ಮೇಲೆ ಸೇಡು ತೀರಿಸುವುದಾಗಿ ತನ್ನ ಅಪ್ಪನ ಮುಂದೆ ಆಣೆ ಮಾಡಿದ ಹ್ಯಾನಿಬಲ್ ಎಂಬ ಸೇನಾಪತಿಯನ್ನು ಅವನು ಮನಸ್ಸಿನಲ್ಲಿ ನಾಯಕನನ್ನಾಗಿ ಇಟ್ಟುಕೊಂಡ. ದೊಡ್ಡವನಾಗಿ, ಹೆಸರಾಂತ ವೈದ್ಯನಾದ ಮೇಲೂ ಅವನ ಕನಸುಗಳಲ್ಲಿ ಆ ನೋವಿನ ಎಳೆ ಸಿಕ್ಕಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಯಾರಿಗೂ ಹೇಳದ, ನಾನೂ ನೆನೆಯದ ಒಂದು ಸಂಜೆ ಕಣ್ಣ ಮುಂದೆ ಬಂತು.

ನನಗೂ ಆಗ ಹತ್ತು ವರ್ಷ. ಅಪ್ಪನ ಜೊತೆ ಸಂತೆಗೆ ಹೋಗಿದ್ದೆ. ಅಪ್ಪ ಅಂದು ಹೊಸ ಎಕ್ಕಡ ಕೊಂಡ. ದಾರಿಯುದ್ದಕ್ಕೂ ಅದು ಕಿರ್ ಕಿರ್ ಎಂದು ಸದ್ದು ಮಾಡುತ್ತಿತ್ತು, ಆ ಸದ್ದಿಗೆ ನಾನು ಹೆಜ್ಜೆ ಹಾಕುತ್ತಾ ಬರುತ್ತಿದ್ದೆ. ನಮ್ಮ ಕೇರಿಗೆ ಹೋಗಬೇಕಾದರೆ ಮೇಲಿನ ಬೀದಿಯನ್ನು ದಾಟಬೇಕು. ಬೀದಿಯ ಬಾಯಿಗೆ ಬಂದ ತಕ್ಷಣ ಅಪ್ಪ ಎಕ್ಕಡ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಜಗಲಿಯ ಮೇಲೆ ಕೂತಿದ್ದ ಒಬ್ಬರು ಕೇಳಿದರು. "ಏನ್ಲಾ, ಹೊಸ ಎಕ್ಕಡ ತಂದ್ಯಾ? ಕಾಲ್ಗೆ ತಂದ್ಯೋ, ಕಂಕ್ಳಿಗೆ ತಂದ್ಯೋ?" ಕೂತವರೆಲ್ಲ ನಕ್ಕರು. ಅಪ್ಪನೂ ನಕ್ಕ.

ಎಕ್ಕಡ ಬಿಚ್ಚಿದ್ದು ನನಗೆ ಹೊಸದಲ್ಲ, ಎಲ್ಲರೂ ಬಿಚ್ಚುತ್ತಿದ್ದರು. ಅಪ್ಪ ನಕ್ಕಿದ್ದು ಮಾತ್ರ ನನ್ನ ಒಳಗೆ ಇಳಿದುಬಿಟ್ಟಿತು. ಆ ಹೊತ್ತಿನಲ್ಲಿ ನಾನು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿರಬೇಕು, ನನ್ನನ್ನು ನೋಡಿ ಹಾಗೆ ಯಾರೂ ನಗಬಾರದು ಎಂದು.

ಆಮೇಲೆ ನನ್ನ ಜೀವನ ನೋಡಿ. ದಿನಾ ಇಸ್ತ್ರಿ ಮಾಡಿದ ಬಟ್ಟೆ. ಶಾಲೆಗೆ ಹದಿನೈದು ನಿಮಿಷ ಮುಂಚೆ. ಶಿಸ್ತಿನ ಮೇಷ್ಟ್ರು ಎಂದು ಹೆಸರು. ಸ್ಟಾಫ್ ರೂಮಿನಲ್ಲಿ ಜಾತಿಯ ಮಾತು ಬಂದರೆ ಎದ್ದು ತರಗತಿಗೆ ಹೊರಟುಬಿಡುತ್ತಿದ್ದೆ, "ಸಿಲಬಸ್ ಮುಗಿದಿಲ್ಲ" ಎಂದು. ಇದೆಲ್ಲ ನನ್ನ ಗುಣ ಎಂದು ಹೆಮ್ಮೆ ಪಟ್ಟಿದ್ದೆ. ಅದರಲ್ಲಿ ಗುಣವೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದರ ಅಡಿಯಲ್ಲಿ ಆ ಜಗಲಿಯ ನಗು ಇತ್ತು. ಮಗಳ ಹಾಲ್‌ನಲ್ಲಿ ಫೋಟೋ ನೋಡಿದಾಗ ನನ್ನೊಳಗೆ ಎದ್ದವನು ದೀಕ್ಷೆ ತೆಗೆದುಕೊಂಡ ಉಪಾಸಕ ಅಲ್ಲ. ಆ ಹತ್ತು ವರ್ಷದ ಹುಡುಗ. ಬಿಚ್ಚು, ಬಿಚ್ಚಿ ಕಂಕುಳಲ್ಲಿ ಇಟ್ಟುಕೊ, ನೋಡಿದರೆ ನಗುತ್ತಾರೆ ಎಂದವನು ಅವನು. ನನ್ನ ಅಪ್ಪ ಎಕ್ಕಡ ಬಿಚ್ಚಿದ. ನಾನು ನನ್ನ ಮಗಳ ಕೈಯಲ್ಲಿ ಬಾಬಾಸಾಹೇಬರನ್ನು ಗೋಡೆಯಿಂದ ಇಳಿಸಿದೆ.

*ಧಮ್ಮ ಹೇಳುವುದು*

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಎರಡೂ ಒಂದೇನಾ?

ಒಂದೇ ಅಲ್ಲ, ಆದರೆ ಒಂದೇ ಗಾಯವನ್ನು ನೋಡಿದ ಇಬ್ಬರು ವೈದ್ಯರ ಮಾತಿನ ಹಾಗಿದೆ. ಮೇಲೆ ಕಾಣದೆ ಒಳಗೆ ಮಲಗಿದ್ದು, ಸಮಯ ಬಂದಾಗ ಏಳುವ ಪ್ರವೃತ್ತಿಗಳಿಗೆ ಬುದ್ಧರ ಧಮ್ಮದಲ್ಲಿ ಅನುಸಯ ಎನ್ನುತ್ತಾರೆ. ಏಳು ಅನುಸಯಗಳನ್ನು ಪಾಲಿ ಗ್ರಂಥಗಳು ಹೇಳುತ್ತವೆ: ಕಾಮರಾಗ, ಪಟಿಘ ಅಂದರೆ ಒಳಗಿನ ಸಿಟ್ಟು, ದಿಟ್ಠಿ ಅಂದರೆ ಹಟದ ಅಭಿಪ್ರಾಯ, ವಿಚಿಕಿಚ್ಛಾ ಅಂದರೆ ಡೋಲಾಯಮಾನ ಮನಸ್ಸು, ಮಾನ, ಭವರಾಗ, ಅವಿಜ್ಜಾ. ಮಲಗಿದ ಮಗುವಿನಲ್ಲೂ ಇವು ಮಲಗಿರುತ್ತವೆ ಎಂದು ಬುದ್ಧರು ಹೇಳಿದರು. ತಣ್ಹಾ ಕೂಡ ಒಂದೇ ಬಗೆಯದಲ್ಲ, ಮೂರು. ಸುಖ ಬೇಕೆನ್ನುವ ಕಾಮತಣ್ಹಾ. ಹೀಗೆ ಆಗಬೇಕು, ಹೀಗೇ ಇರಬೇಕು ಎನ್ನುವ ಭವತಣ್ಹಾ. ಇದು ಇರಲೇಬಾರದು, ನಾನೇ ಇಲ್ಲವಾಗಬೇಕು ಎನ್ನುವ ವಿಭವತಣ್ಹಾ. ಫ್ರಾಯ್ಡ್ ಮೊದಲು ಸುಖದ ಬಯಕೆಯನ್ನೇ ಮುಖ್ಯ ಎಂದ. ಮೊದಲನೇ ಮಹಾಯುದ್ಧದ ನಂತರ, 1920ರಲ್ಲಿ, ನಾಶದ ಕಡೆಗೆ ಎಳೆಯುವ ಇನ್ನೊಂದು ಪ್ರೇರಣೆಯೂ ಇದೆ ಎಂದು ಸೇರಿಸಿದ.

ಆ 1920ರ ಪುಸ್ತಕದಲ್ಲೇ ಒಂದು ಕಡೆ ಅವನು ನಿರ್ವಾಣ ಎಂಬ ನಮ್ಮ ಮಾತನ್ನು ಬಳಸಿದ್ದಾನೆ. ಮನಸ್ಸಿನ ಒತ್ತಡವೆಲ್ಲ ಸೊನ್ನೆಯಾಗಬೇಕು ಎನ್ನುವ ಎಳೆತಕ್ಕೆ, ಸಾವಿನ ನಿಶ್ಚಲತೆಗೆ ಅವನು ಆ ಹೆಸರು ಬಳಸಿದ. ಇಲ್ಲಿ ನಾವು ಅವನನ್ನು ಒಪ್ಪುವ ಹಾಗಿಲ್ಲ. ನಿಬ್ಬಾಣ ಸತ್ತ ಮೇಲೆ ಸಿಗುವ ಶೂನ್ಯವಲ್ಲ. ರಾಗ ದ್ವೇಷಗಳನ್ನು ಹತೋಟಿಯಲ್ಲಿಟ್ಟುಕೊಂಡು ಬದುಕಿರುವಾಗಲೇ ಸರಿಯಾದ ದಾರಿಯಲ್ಲಿ ನಡೆಯುವ ಶಕ್ತಿ ಎಂಬ ಅರ್ಥದಲ್ಲಿ ಬಾಬಾಸಾಹೇಬರು ನಮಗೆ ವಿವರಿಸಿದ್ದಾರೆ. ಅದು ನಡೆಯುವವನ ನಿಬ್ಬಾಣ.

ಇನ್ನೊಂದು ಮುಖ್ಯ ಮಾತು, ಮಾನ. ಆಲ್‌ಫ್ರೆಡ್ ಆಡ್ಲರ್ ಎಂಬವನು 1911ರಲ್ಲಿ ಫ್ರಾಯ್ಡನ ಬಳಗದಿಂದ ಹೊರಗೆ ಬಂದ. ಮನುಷ್ಯನನ್ನು ನಡೆಸುವುದರಲ್ಲಿ ಕಾಮಕ್ಕಿಂತ ಕೀಳರಿಮೆ ದೊಡ್ಡದು, ಕೀಳೆನಿಸಿದವನು ಮೇಲೇರಲು ಒದ್ದಾಡುತ್ತಾನೆ ಎಂದು ಹೇಳಿದ. ನಮ್ಮ ಧಮ್ಮದಲ್ಲಿ ಮಾನಕ್ಕೆ ಮೂರು ಮುಖ. ನಾನು ಮೇಲು ಎನ್ನುವುದು ಮಾನ. ನಾನು ಸಮ ಎಂದು ಅಳೆಯುತ್ತಾ ಕೂರುವುದು ಮಾನ. ನಾನು ಕೀಳು ಎನ್ನುವುದೂ ಮಾನವೇ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಅರ್ಥವಾಗಿರಲಿಲ್ಲ, ಕೀಳೆಂದುಕೊಳ್ಳುವುದು ಹೇಗೆ ಅಹಂಕಾರ ಆಗುತ್ತದೆ ಎಂದು. ಈಗ ಗೊತ್ತಾಗಿದೆ. ಮೂರರಲ್ಲೂ ಮನುಷ್ಯ ಇನ್ನೊಬ್ಬರ ತಕ್ಕಡಿಯಲ್ಲೇ ತನ್ನನ್ನು ತೂಗಿಕೊಳ್ಳುತ್ತಿರುತ್ತಾನೆ. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದು ಆ ತಕ್ಕಡಿಯನ್ನೇ. ತುಳಿಸಿಕೊಂಡವನು ತನಗಿಂತ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾನೆ. ಬೆದರಿಸಿದವನ ರೀತಿಯನ್ನೇ ಬೆದರಿದವನು ಮೈಗೂಡಿಸಿಕೊಳ್ಳುತ್ತಾನೆ ಎಂದು ಫ್ರಾಯ್ಡನ ಮಗಳು ಅನ್ನಾ ಫ್ರಾಯ್ಡ್ 1936ರಲ್ಲಿ ಬರೆದಳು. ನಮ್ಮ ನಮ್ಮೊಳಗೇ ಎಡ ಬಲ ಎಂದು ಬೇರೆಯಾಗಿ, ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರಿಗೆ ಬೇಡವಾಗಿರುವುದನ್ನು ಇದರ ಪಕ್ಕ ಇಟ್ಟು ನೋಡಿ. ಕೊಡುವ ಕಾರಣ ಪದ್ಧತಿ, ಊಟ, ಮಾತಿನ ಶೈಲಿ. ನಿಜವಾದ ಕಾರಣ?

*ಕಾಯಿಲೆ ಒಳಗಿನದೋ, ಹೊರಗಿನದೋ*

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಿದರೆ ಮೋಸ ಹೋಗುತ್ತೇವೆ. "ನಿಮ್ಮದು ಬರೀ ಕೀಳರಿಮೆ, ಜಾತಿ ಈಗೆಲ್ಲಿದೆ" ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಗಳ ಮನೆಯ ವಿಷಯದಲ್ಲಿ ನನ್ನ ಭಯ ಪೂರ್ತಿ ಭ್ರಮೆ ಆಗಿರಲಿಲ್ಲ. ಹೆಸರು ಕೇಳಿ, ಊರು ಕೇಳಿ, ಊಟ ಏನು ಎಂದು ಕೇಳಿ, ಆಮೇಲೆ "ಮನೆ ಬೇರೆಯವರಿಗೆ ಆಗಿದೆ" ಎಂದು ಕಳಿಸಿದ ಅನುಭವ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಯಾಕೋಬನ ಟೋಪಿ ಕೆಸರಿಗೆ ಬಿದ್ದದ್ದು ಕನಸಿನಲ್ಲಿ ಅಲ್ಲ, ಬೀದಿಯಲ್ಲಿ. ಫ್ರಾಯ್ಡ್ ಮನೆಯೊಳಗಿನ ಅಪ್ಪ ಅಮ್ಮ ಮಗುವಿನ ಕಥೆಯನ್ನು ಬಹಳ ಬರೆದ, ಬೀದಿಯ ಕಥೆಯನ್ನು ಅಷ್ಟು ಬರೆಯಲಿಲ್ಲ. ಬೀದಿ ಅವನನ್ನು ಬಿಡಲಿಲ್ಲ. 1933ರಲ್ಲಿ ಬರ್ಲಿನ್‌ನಲ್ಲಿ ನಾಜಿಗಳು ಅವನ ಪುಸ್ತಕಗಳನ್ನು ಸುಟ್ಟರು. 1938ರಲ್ಲಿ ಅವರು ಆಸ್ಟ್ರಿಯಾವನ್ನು ಹಿಡಿದ ಮೇಲೆ ಅವನು ಮುದಿ ವಯಸ್ಸಿನಲ್ಲಿ ಲಂಡನ್ನಿಗೆ ಓಡಬೇಕಾಯಿತು. ಮರುವರ್ಷ ಅಲ್ಲೇ ತೀರಿಕೊಂಡ. ವಿಯೆನ್ನಾದಲ್ಲೇ ಉಳಿದ ಅವನ ನಾಲ್ವರು ತಂಗಿಯರು ನಾಜಿಗಳ ಶಿಬಿರಗಳಲ್ಲಿ ಸತ್ತರು.

ಈ ಕೊರತೆಯನ್ನು ತುಂಬಿದವರಲ್ಲಿ ಒಬ್ಬ ಫ್ರಾಂಟ್ಜ್ ಫ್ಯಾನನ್. ಮಾರ್ಟಿನಿಕ್ ದ್ವೀಪದ ಕಪ್ಪು ಜನರ ಮನೆಯಲ್ಲಿ 1925ರಲ್ಲಿ ಹುಟ್ಟಿ, ಫ್ರಾನ್ಸ್‌ನಲ್ಲಿ ಓದಿ ಮನೋವೈದ್ಯನಾದವನು. 1952ರಲ್ಲಿ ಬಂದ ಅವನ ಮೊದಲ ಪುಸ್ತಕದಲ್ಲಿ, ಕಪ್ಪು ಮನುಷ್ಯನ ಕೀಳರಿಮೆಗೆ ಮದ್ದು ಅವನ ಬಾಲ್ಯದಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ, ಅವನನ್ನು ಕೀಳು ಮಾಡಿದ ಸಮಾಜದಲ್ಲಿ ಹುಡುಕಬೇಕು ಎಂದು ವಾದಿಸಿದ. ಅಲ್ಜೀರಿಯಾದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವನು, ತಮ್ಮ ನೆಲದಲ್ಲೇ ಪರಕೀಯರಾದ ಜನರನ್ನು ಆ ವ್ಯವಸ್ಥೆ ಇರುವ ತನಕ ಗುಣಪಡಿಸಲಾಗದು ಎಂದು 1956ರಲ್ಲಿ ರಾಜೀನಾಮೆ ಪತ್ರ ಬರೆದ. ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಧಮ್ಮದ ಕಡೆಗೆ ನಡೆದರು.

ಜಾತಿ ಇಟ್ಟಿಗೆ ಗೋಡೆಯಲ್ಲ, ಅದು ಮನಸ್ಸಿನ ಸ್ಥಿತಿ ಎಂಬ ಮಾತನ್ನು 1936ರಲ್ಲೇ ಬಾಬಾಸಾಹೇಬರು ಮುಂದಿಟ್ಟಿದ್ದರು. ಹಾಗೆಂದು ಅವರು ಕಣ್ಣು ಮುಚ್ಚಿ ಕೂರಿ ಎನ್ನಲಿಲ್ಲ. ಸಂವಿಧಾನದಲ್ಲಿ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು, ಅದು ಹೊರಗಿನ ಮದ್ದು. ಧಮ್ಮದೀಕ್ಷೆ ಒಳಗಿನ ಮದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಕುಡಿದರೆ ಕಾಯಿಲೆ ವಾಸಿಯಾಗದು.

ಬಾಬಾಸಾಹೇಬರಿಗೆ ಒಳಗಿನ ಗಾಯ ಇರಲಿಲ್ಲವೇ? ಹುಡುಗನಾಗಿದ್ದಾಗ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಅಣ್ಣನ ಜೊತೆ ಹೊರಟದ್ದು, ಮಸೂರ್ ಸ್ಟೇಷನ್ನಿನಲ್ಲಿ ಜಾತಿ ತಿಳಿದ ಮೇಲೆ ಎರಡರಷ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಅವರ ಜೊತೆ ಕೂರದೆ ನಡೆದು ಬಂದದ್ದು, ರಾತ್ರಿ ಕುಡಿಯಲು ನೀರು ಸಿಗದೆ ಹಸಿದು ಮಲಗಿದ್ದು, ಎಲ್ಲವನ್ನೂ ದಶಕಗಳ ನಂತರ ಅವರು ನಿನ್ನೆ ನಡೆದ ಹಾಗೆ ಬರೆದರು. ವ್ಯತ್ಯಾಸ ಇಲ್ಲಿದೆ ಬಂಧುಗಳೇ. ನಾನು ನನ್ನ ಎಕ್ಕಡದ ಸಂಜೆಯನ್ನು ಹೂತಿಟ್ಟೆ, ಅದು ಭೂತವಾಗಿ ನನ್ನ ಮಗಳ ಮನೆಗೆ ಬಂತು. ಅವರು ತಮ್ಮ ನೋವನ್ನು ಹೂಳಲಿಲ್ಲ. ಬೆಳಕಿನಲ್ಲಿ ಇಟ್ಟು ನೋಡಿದರು, ಹೆಸರಿಟ್ಟರು, ಕಾರಣ ಹುಡುಕಿದರು, ಅದನ್ನು ಎಲ್ಲರ ಬಿಡುಗಡೆಯ ಕೆಲಸಕ್ಕೆ ಹಚ್ಚಿದರು.

*ನೋಡುವ ಅಭ್ಯಾಸ*

ಮನೋವಿಶ್ಲೇಷಣೆಯಲ್ಲಿ ರೋಗಿ ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಮುಚ್ಚಿಡದೆ ವೈದ್ಯನಿಗೆ ಹೇಳುತ್ತಾನೆ. ವರ್ಷಗಟ್ಟಲೆ ಹಿಡಿಯುವ, ದುಡ್ಡು ಬೇಡುವ ಚಿಕಿತ್ಸೆ ಅದು. ನಮ್ಮ ದೇಶದಲ್ಲೂ ಗಿರೀಂದ್ರಶೇಖರ ಬೋಸ್ ಎಂಬ ವೈದ್ಯರು 1922ರಲ್ಲಿ ಕಲ್ಕತ್ತಾದಲ್ಲಿ ಇದಕ್ಕೊಂದು ಸಂಘ ಕಟ್ಟಿದರು. 1940ರಲ್ಲಿ ಆ ಸಂಘದವರು ಮಾನಸಿಕ ರೋಗಿಗಳಿಗೆ ತೆರೆದ ಆಸ್ಪತ್ರೆಗೆ ಲುಂಬಿನಿ ಪಾರ್ಕ್ ಎಂದು ಬುದ್ಧರು ಹುಟ್ಟಿದ ಜಾಗದ ಹೆಸರಿತ್ತು. ಆ ಹೆಸರು ಓದಿ ನನಗೆ ಸಂತೋಷವಾಯಿತು. ಯಾರಿಗಾದರೂ ಮನಸ್ಸಿನ ಬೇನೆ ತೀರಾ ಹೆಚ್ಚಾಗಿದ್ದರೆ ವೈದ್ಯರ ಹತ್ತಿರ ಹೋಗಲು ನಾಚಿಕೆ ಪಡಬೇಡಿ. ಧ್ಯಾನ ಮಾಡಿದರೆ ಸಾಕು ಎಂದು ಔಷಧಿ ನಿಲ್ಲಿಸಬೇಡಿ.

ದಿನನಿತ್ಯದ ನಮ್ಮ ನೆಪಗಳಿಗೆ ಬುದ್ಧರು ಕೊಟ್ಟ ಮದ್ದು ಚಿತ್ತಾನುಪಸ್ಸನಾ, ಸತಿಪಟ್ಠಾನದ ಮೂರನೆಯ ಭಾಗ. ಮನಸ್ಸಿನಲ್ಲಿ ದ್ವೇಷ ಇದ್ದಾಗ ದ್ವೇಷ ಇದೆ ಎಂದು ತಿಳಿಯುವುದು. ಭಯ ಇದ್ದಾಗ ಭಯ ಇದೆ ಎಂದು ತಿಳಿಯುವುದು. ಬೈಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಕಾವಲುಗಾರನ ಗದರಿಕೆಗೂ ಸತಿಯ ನೋಟಕ್ಕೂ ಇದೇ ವ್ಯತ್ಯಾಸ. ಹಿಸ್ಟೀರಿಯಾದ ಯಾತನೆಯನ್ನು ಎಲ್ಲರಿಗೂ ಇರುವ ಸಾಮಾನ್ಯ ದುಃಖಕ್ಕೆ ಇಳಿಸಿದರೆ ಅದೇ ದೊಡ್ಡದು ಎಂಬ ಅರ್ಥದಲ್ಲಿ ಫ್ರಾಯ್ಡ್ ಬರೆದ. ಬುದ್ಧರು ಅಲ್ಲಿಗೆ ನಿಲ್ಲಲಿಲ್ಲ. ದುಃಖಕ್ಕೆ ಕಾರಣ ಇದೆ, ಕಾರಣ ಹೋದರೆ ದುಃಖ ಹೋಗುತ್ತದೆ, ಅದಕ್ಕೆ ದಾರಿ ಇದೆ ಎಂದರು. ಹಾಗೆಂದು ಫ್ರಾಯ್ಡನನ್ನು ಬಿಸಾಡಬೇಕಿಲ್ಲ, ತಲೆಯ ಮೇಲೆ ಹೊರುವುದೂ ಬೇಡ. ಅವನ ಎಷ್ಟೋ ಮಾತುಗಳನ್ನು ಆಮೇಲಿನ ವಿಜ್ಞಾನಿಗಳು ಒಪ್ಪಿಲ್ಲ. ಗುರು ಹೇಳಿದ, ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಒಪ್ಪಬೇಡಿ, ನಿಮ್ಮ ಅನುಭವದಲ್ಲಿ ಪರೀಕ್ಷಿಸಿ ಎಂದು ಕಾಲಾಮರಿಗೆ ಹೇಳಿದ ಗುರುವಿನ ಮಕ್ಕಳು ನಾವು.

ನಾನು ಪರೀಕ್ಷಿಸಿದೆ. ಆ ರಾತ್ರಿ ನಿದ್ದೆ ಬಾರದೆ ಎದ್ದು ಕೂತು, ಅಪ್ಪನ ಆ ನಗುವನ್ನು ಮತ್ತೆ ಮತ್ತೆ ನೋಡಿದೆ. ಮೊದಲು ನಾಚಿಕೆ ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟೂ ಇಳಿದ ಮೇಲೆ ಐವತ್ತು ವರ್ಷದಲ್ಲಿ ಕಾಣದ ಒಂದು ಸಂಗತಿ ಕಂಡಿತು. ಅಪ್ಪನ ಇನ್ನೊಂದು ಕೈ ನನ್ನ ಕೈಯನ್ನು ಹಿಡಿದಿತ್ತು. ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ. ಅವನು ಹೇಡಿಯಾಗಿ ನಗಲಿಲ್ಲ. ಮಗನನ್ನು ಆ ಬೀದಿಯಿಂದ ಏಟು ಬೀಳದಂತೆ ದಾಟಿಸಿಕೊಂಡು ಹೋಗಲು ನಕ್ಕ. ಕೇರಿ ಸೇರಿದ ಕೂಡಲೇ ಎಕ್ಕಡ ಮೆಟ್ಟಿಕೊಂಡ. ಅದೇ ಅಪ್ಪ ಕೂಲಿ ಮಾಡಿ ನನ್ನನ್ನು ಓದಿಸಿದ. ನಾನು ಹೆಸರು ಮಾಡಿದ ಮೇಷ್ಟ್ರಾಗಿ, ಅವನನ್ನು ಒಂದು ದಿನವೂ ಆ ಬಗ್ಗೆ ಕೇಳದೆ, ಒಳಗೊಳಗೇ ಕೀಳಾಗಿ ನೋಡುತ್ತಾ ಬದುಕಿಬಿಟ್ಟೆ. ಅಪ್ಪ ಈಗಿಲ್ಲ. ಆ ರಾತ್ರಿ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬೆಳಿಗ್ಗೆ ಮಗಳಿಗೆ ಫೋನ್ ಮಾಡಿದೆ. ಎಕ್ಕಡದ ಕಥೆ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. "ಫೋಟೋ ಹಾಲ್‌ಗೇ ಹಾಕಮ್ಮ. ತಪ್ಪು ನಂದು" ಎಂದೆ.

"ನಿನ್ನ ಬಸ್ ಹತ್ತಿಸಿ ಬಂದ ದಿನಾನೇ ಹಾಕಿದೀನಪ್ಪ" ಎಂದಳು.

"ಓನರ್ ನೋಡಿದ್ರಾ?"

"ಬಾಡಿಗೆಗೆ ಬಂದಿದ್ರು, ನೋಡಿದ್ರು. ಏನೂ ಅನ್ಲಿಲ್ಲ. ನಾಳೆ ಏನಾದ್ರೂ ಅಂದ್ರೆ ಆಗ ನೋಡ್ಕೊಳ್ಳೋಣ. ನೀನು ಈ ಸಲ ಬಂದಾಗ ತಾತನ ಫೋಟೋ ಇದ್ರೆ ತಗೊಂಡ್ ಬಾ. ಪಕ್ಕದಲ್ಲಿ ಹಾಕೋಣ. ಇನ್ನೊಂದು ಮೊಳೆ ಹೊಡೆದ್ರೆ ಆಯ್ತು."

ಬಂಧುಗಳೇ, ಇವತ್ತಿನ ಅಭ್ಯಾಸ ಇಷ್ಟೇ. ಇವತ್ತು ಯಾವುದಾದರೂ ಸಣ್ಣ ವಿಷಯಕ್ಕೆ ದೊಡ್ಡ ಕೋಪ ಬಂದರೆ, ಅಥವಾ ನಮ್ಮದು ಎಂದು ಹೇಳಿಕೊಳ್ಳಬೇಕಾದ ಕಡೆ ಬಾಯಿ ಕಟ್ಟಿದರೆ, ಆ ಹೊತ್ತಿನಲ್ಲಿ ಮನಸ್ಸು ಕೊಟ್ಟ ಕಾರಣವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಉಸಿರನ್ನು ಗಮನಿಸಿ, ಆ ಕಾಗದವನ್ನು ಮತ್ತೆ ಓದಿ ಕೇಳಿಕೊಳ್ಳಿ: ಇದು ಕಾರಣವೋ, ನೆಪವೋ? ಉತ್ತರ ಬಂದಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅಲ್ಲಿ ಹೆದರಿ ಕೂತಿರುವ ಒಂದು ಮಗು ಸಿಗಬಹುದು. ಅದಕ್ಕೆ ಮೈತ್ರಿ ಹೇಳಿ.

ಮನೆಯಲ್ಲಿ ಹಿರಿಯರು ಇದ್ದರೆ, ಅವರು ಬಿಚ್ಚಿದ ಎಕ್ಕಡದ ಕಥೆ ಕೇಳಿ. ಅವರು ಇರುವಾಗಲೇ ಕೇಳಿ.

ಭಾನುವಾರ ಸಿಗೋಣ. ಪ್ರಶ್ನೆ ಕೇಳಿದ ಆ ತಮ್ಮನಿಗೆ ನನ್ನ ಧನ್ಯವಾದ, ಈ ಸಲ ಗಡಿಯಾರ ನೋಡುವುದಿಲ್ಲ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

*ಜೈ ಭೀಮ್. ನಮೋ ಬುದ್ಧಾಯ.*

(ಇಷ್ಟವಾದರೆ ನಿಮ್ಮ ಬಂಧುಗಳಿಗೂ ಕಳಿಸಿ.)